ಎಲ್ಲರೂ ಒಂದೇ ಎಂದರೆ ಯಾರೂ ಹೊಣೆಯಲ್ಲ

ರಾಜಕಾರಣಿಗಳ ‘ಒಳಗಿನ ನಂಟು’ ಬಿಚ್ಚಿಡುತ್ತೇವೆಂದು ಮೊಬೈಲಿನಿಂದ ಮೊಬೈಲಿಗೆ ಹರಿದಾಡುವ ಸಂದೇಶಗಳಲ್ಲಿ ಬಹುಪಾಲು ಅಂತೆಕಂತೆ ಎಂದು ನಾನು ವಾದಿಸುತ್ತ ಬಂದಿದ್ದೇನೆ. ಬೆಳಗಾವಿಯ ನಮ್ಮ ಟಿಳಕವಾಡಿಯಲ್ಲಿ ಈ ಮಾತಿಗೆ ಒಪ್ಪುವವರು ಕಡಿಮೆ. ರೈಲ್ವೆ ಗೇಟಿನಿಂದ ಆರ್‌ಪಿಡಿ ವೃತ್ತದವರೆಗೆ ಯಾವ ಚಹಾದಂಗಡಿಯಲ್ಲಿ ನಿಂತರೂ ಉತ್ತರ ಒಂದೇ: “ಮ್ಯಾಲೆ ಎಲ್ಲಾ ಸೆಟ್ಟಿಂಗ್ ಆಗೇತ್ರಿ, ನಿಮಗ ಗೊತ್ತಿಲ್ಲ.” ಪಕ್ಕದಲ್ಲಿ ನಿಂತವರು ಅದನ್ನೇ ಮರಾಠಿಯಲ್ಲಿ ಹೇಳುತ್ತಾರೆ: “ಸಗಳಂ ಸೆಟಿಂಗ್ ಆಹೇ.” ಕರ್ನಾಟಕ-ಮಹಾರಾಷ್ಟ್ರ ಗಡಿಯ ವಿಷಯದಲ್ಲಿ ಕೂಡದ ಎರಡು ಭಾಷೆಯವರು ಈ ಒಂದು ಮಾತಿನಲ್ಲಿ ಕೂಡಿದ್ದಾರೆ.

ಎದುರು ವಾದಿಸುವವರನ್ನು ದಡ್ಡರೆಂದು ತಳ್ಳಿಹಾಕುವುದು ಸುಲಭ, ಆದರೆ ತಪ್ಪು. ಅವರ ಸಂಶಯಕ್ಕೆ ಈ ಜಿಲ್ಲೆಯ ರಾಜಕಾರಣ ಬೇಕಾದಷ್ಟು ಕಾರಣ ಕೊಟ್ಟಿದೆ. ಆದ್ದರಿಂದ ಅವರ ಆಕ್ಷೇಪಗಳನ್ನು ಒಂದೊಂದಾಗಿ, ಅವುಗಳ ಗಟ್ಟಿಯಾದ ರೂಪದಲ್ಲೇ ಎತ್ತಿಕೊಂಡು ಉತ್ತರಿಸುತ್ತೇನೆ.

1. “ತೆಲಗಿ ಮಂಪರು ಪರೀಕ್ಷೆಯಲ್ಲಿ ದೊಡ್ಡವರ ಹೆಸರು ಹೇಳಿದ್ದ. ಎಲ್ಲವನ್ನೂ ಮುಚ್ಚಿಹಾಕಿದರು.”

ನಮ್ಮ ಭಾಗದಲ್ಲಿ ಇದಕ್ಕಿಂತ ಬಲವಾದ ವಾದ ಇನ್ನೊಂದಿಲ್ಲ, ಏಕೆಂದರೆ ತೆಲಗಿ ನಮ್ಮ ಜಿಲ್ಲೆಯ ಖಾನಾಪುರದವನು. ಅಲ್ಲಿನ ರೈಲು ನಿಲ್ದಾಣದಲ್ಲಿ ಹಣ್ಣು ಮಾರಿ ಬೆಳೆದ ಅಬ್ದುಲ್ ಕರೀಂ ತೆಲಗಿ 1994ರಲ್ಲಿ ಮುಂಬೈಯಲ್ಲಿ ಛಾಪಾ ಕಾಗದ ಮಾರುವ ಪರವಾನಗಿ ಗಿಟ್ಟಿಸಿದ. ನಾಸಿಕದ ಇಂಡಿಯಾ ಸೆಕ್ಯುರಿಟಿ ಪ್ರೆಸ್ ಗುಜರಿಗೆ ಹಾಕಿದ ಯಂತ್ರಗಳನ್ನು ಕೊಂಡ. ಅಸಲಿಗೆ ಸರಿಸಾಟಿಯಾದ ನಕಲಿ ಕಾಗದ ಮುದ್ರಿಸಿ ಬ್ಯಾಂಕು, ವಿಮಾ ಕಂಪನಿಗಳವರೆಗೆ ಮಾರಿದ. 2000ದಲ್ಲಿ ಬೆಂಗಳೂರಿನಲ್ಲಿ ನಕಲಿ ಕಾಗದ ಸಿಕ್ಕಿಬಿದ್ದಿತು, 2001ರ ನವೆಂಬರ್‌ನಲ್ಲಿ ಅಜ್ಮೀರದಲ್ಲಿ ಅವನು ಸೆರೆಯಾದ. ಕರ್ನಾಟಕ ‘ಸ್ಟಾಂಪಿಟ್’ ಎಂಬ ವಿಶೇಷ ತನಿಖಾ ತಂಡ ರಚಿಸಿತು, 2004ರಲ್ಲಿ ತನಿಖೆ ಸಿಬಿಐ ಕೈಗೆ ಹೋಯಿತು. ಪೊಲೀಸ್ ಅಧಿಕಾರಿಗಳೂ ಹೊರ ರಾಜ್ಯಗಳ ಶಾಸಕರೂ ಬಂಧನಕ್ಕೊಳಗಾದರು. ಅಧಿಕಾರಸ್ಥರ ಬೆಂಬಲವಿಲ್ಲದೆ ಇಷ್ಟು ದೊಡ್ಡ ಜಾಲ ಅಷ್ಟು ವರ್ಷ ನಡೆಯುವುದು ಸಾಧ್ಯವಿರಲಿಲ್ಲ. ಇದನ್ನು ನಾನೂ ಹೇಳುತ್ತೇನೆ.

ನನ್ನ ತಕರಾರು ಇರುವುದು ‘ಪಟ್ಟಿ’ಯ ಬಗ್ಗೆ. 2003ರಲ್ಲಿ ನಡೆದ ಮಂಪರು ಪರೀಕ್ಷೆಯ ದೃಶ್ಯ 2006ರಲ್ಲಿ ಟಿವಿಯಲ್ಲಿ ಬಂತು. 2023ರಲ್ಲಿ ‘ಸ್ಕ್ಯಾಮ್ 2003’ ಎಂಬ ವೆಬ್ ಸರಣಿ ಬಂದ ಮೇಲೆ ಹಳೆಯ ಪಟ್ಟಿಗಳಿಗೆ ಹೊಸ ಜೀವ ಬಂತು. ಅವುಗಳಲ್ಲಿನ ಹೆಸರುಗಳು ಕಳಿಸುವವರ ಪಕ್ಷಕ್ಕೆ ತಕ್ಕಂತೆ ಬದಲಾಗುತ್ತವೆ. ಒಬ್ಬರ ಪಟ್ಟಿಯಲ್ಲಿ ಕಾಂಗ್ರೆಸ್ಸಿನವರೇ ತುಂಬಿದ್ದರೆ ಇನ್ನೊಬ್ಬರದರಲ್ಲಿ ಅವರ ವಿರೋಧಿಗಳೇ ತುಂಬಿದ್ದಾರೆ. ಅದರಲ್ಲಿನ ಒಂದು ಹೆಸರನ್ನೂ ನಾನು ಇಲ್ಲಿ ಬರೆಯುವುದಿಲ್ಲ.

ಮಂಪರಿನಲ್ಲಿ ಬಂದ ಮಾತೆಲ್ಲ ಸತ್ಯ ಎಂಬ ನಂಬಿಕೆಯೇ ಪೊಳ್ಳು. ಆ ಔಷಧ ಮನುಷ್ಯನ ಎಚ್ಚರವನ್ನು ಸಡಿಲಿಸುತ್ತದೆಯೇ ಹೊರತು ಸತ್ಯವನ್ನು ಸೋಸಿ ಕೊಡುವುದಿಲ್ಲ. ಕಂಡದ್ದರ ಜೊತೆಗೆ ಕೇಳಿದ್ದು, ಊಹಿಸಿದ್ದು, ಪ್ರಶ್ನೆ ಕೇಳುವವರು ಬಾಯಿಗೆ ತುರುಕಿದ್ದು ಎಲ್ಲ ಹೊರಬರುತ್ತವೆ. ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2010ರ ಮೇ 5ರಂದು, ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆ ನಡೆಸುವುದು ಸಂವಿಧಾನಬಾಹಿರ ಎಂದಿತು. ಒಪ್ಪಿ ಮಾಡಿಸಿಕೊಂಡರೂ ಅದರಲ್ಲಿ ಆಡಿದ ಮಾತೇ ಸಾಕ್ಷ್ಯವಾಗದು ಎಂದೂ ಹೇಳಿತು.

ಹೆಸರು ಕೇಳಿಬಂದವರೆಲ್ಲ ಅಪರಾಧಿಗಳಲ್ಲ ಎಂಬುದಕ್ಕೂ ಇದೇ ಪ್ರಕರಣದಲ್ಲಿ ಉದಾಹರಣೆ ಇದೆ. ಮುಂಬೈ ಪೊಲೀಸ್ ಆಯುಕ್ತರೊಬ್ಬರು 2003ರ ಕೊನೆಯಲ್ಲಿ ನಿವೃತ್ತರಾದ ಬೆನ್ನಲ್ಲೇ ಬಂಧಿತರಾದರು, ಆಮೇಲೆ ನ್ಯಾಯಾಲಯ ಅವರನ್ನು ಆರೋಪಮುಕ್ತಗೊಳಿಸಿತು. ಬಂಧನದ ಸುದ್ದಿ ಇಂದಿಗೂ ಹರಿದಾಡುತ್ತದೆ. ಬಿಡುಗಡೆಯ ಸುದ್ದಿಯನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ.

ತನಿಖೆ ಮೇಲಿನವರೆಗೆ ಏರಲಿಲ್ಲ ಎಂಬ ಅಸಮಾಧಾನ ನ್ಯಾಯವಾದದ್ದೇ. ಹಾಗಿದ್ದರೆ ಕೇಳಬೇಕಾದ ಪ್ರಶ್ನೆ ಬೇರೆ. ಯಾವ ಸಂಸ್ಥೆ, ಯಾವ ಪ್ರಕರಣದಲ್ಲಿ, ಯಾರ ಪಾತ್ರವನ್ನು ಯಾವ ಹಂತದಲ್ಲಿ ಕೈಬಿಟ್ಟಿತು? ಅದಕ್ಕೆ ಬೇಕಾದದ್ದು ದೋಷಾರೋಪ ಪಟ್ಟಿ. ಮಂಪರಿನ ಪಟ್ಟಿಯಿಂದ ಅದಕ್ಕೆ ಉತ್ತರ ಸಿಗದು.

2. “ಒಂದು ನಿಜವಾದ ಮೇಲೆ ಉಳಿದವೂ ನಿಜವೇ. ಬೆಂಕಿ ಇಲ್ಲದೆ ಹೊಗೆಯಾಡುತ್ತದೇನು?”

ತೆಲಗಿ ಪ್ರಕರಣವನ್ನೇ ಅಳತೆಗೋಲಾಗಿ ಇಟ್ಟುಕೊಳ್ಳೋಣ. ನಿಜವಾದ ಒಳಸಂಚಿಗೆ ಏನೇನು ಇತ್ತು? ಯಂತ್ರ ಇತ್ತು, ಪರವಾನಗಿ ಇತ್ತು, ದಲ್ಲಾಳಿಗಳಿದ್ದರು, ಕೊಂಡವರಿದ್ದರು, ಹಣ ಹೋದ ದಾರಿ ಇತ್ತು. ಜಾಲ ದೊಡ್ಡದಾದಷ್ಟೂ ಅದನ್ನು ಬಲ್ಲವರು ಹೆಚ್ಚಾದರು, ಬಲ್ಲವರು ಹೆಚ್ಚಾದಂತೆ ಗುಟ್ಟು ನಿಲ್ಲಲಿಲ್ಲ. ಸಾವಿರಾರು ಜನ ಸೇರಿ ದಶಕಗಟ್ಟಲೆ ಒಂದು ಚೀಟಿಯೂ ಹೊರಬೀಳದಂತೆ ನಡೆಸುವ ಸಂಚು ಸಂದೇಶಗಳಲ್ಲಿ ಮಾತ್ರ ಸಾಧ್ಯ. ನಾಲ್ಕು ಜನ ಸೇರಿದ ಸೊಸೈಟಿಯ ಸಭೆಯ ಮಾತೇ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುವ ಜಿಲ್ಲೆ ನಮ್ಮದು.

ದೂರದ ಉದಾಹರಣೆ ಬೇಕಾದರೆ ವಾಷಿಂಗ್ಟನ್ ಒಂದೇ ಊರು ಸಾಕು. 1972ರಲ್ಲಿ ಅಲ್ಲಿನ ವಾಟರ್‌ಗೇಟ್ ಕಟ್ಟಡದಲ್ಲಿದ್ದ ವಿರೋಧ ಪಕ್ಷದ ಕಚೇರಿಗೆ ಕನ್ನ ಹಾಕಿದ ಪ್ರಕರಣ ಅಧ್ಯಕ್ಷ ನಿಕ್ಸನ್‌ವರೆಗೆ ತಲುಪಿ 1974ರಲ್ಲಿ ಅವರು ರಾಜೀನಾಮೆ ಕೊಟ್ಟರು. ಅಲ್ಲಿಗೆ ತಲುಪಿಸಿದ್ದು ಚೆಕ್ಕು, ಧ್ವನಿಸುರುಳಿ, ನ್ಯಾಯಾಲಯದ ಆದೇಶ, ಹೆಸರು ಹಾಕಿ ಬರೆದ ಪತ್ರಕರ್ತರು. ಅದೇ ಊರಿನ ಪಿಜ್ಜಾ ಹೋಟೆಲೊಂದರ ನೆಲಮಾಳಿಗೆಯಲ್ಲಿ ದೊಡ್ಡ ನಾಯಕರು ಮಕ್ಕಳನ್ನು ಕೂಡಿಹಾಕಿದ್ದಾರೆಂಬ ಕಥೆ 2016ರಲ್ಲಿ ಹಬ್ಬಿತು. ಡಿಸೆಂಬರ್‌ನಲ್ಲಿ ಒಬ್ಬ ಅದನ್ನು ನಂಬಿ ಬಂದೂಕು ಹಿಡಿದು ನುಗ್ಗಿ ಗುಂಡು ಹಾರಿಸಿದ. ಮಕ್ಕಳೂ ಇರಲಿಲ್ಲ, ಆ ಕಟ್ಟಡಕ್ಕೆ ನೆಲಮಾಳಿಗೆಯೂ ಇರಲಿಲ್ಲ. ಎರಡೂ ‘ದೊಡ್ಡವರ ಗುಟ್ಟು’ಗಳೇ. ಒಂದಕ್ಕೆ ಪುರಾವೆ ಇತ್ತು, ಇನ್ನೊಂದಕ್ಕೆ ಹೊಗೆ ಮಾತ್ರ ಇತ್ತು. ಹೊಗೆಯನ್ನು ಬೆಂಕಿ ಇಲ್ಲದೆಯೂ ಹಬ್ಬಿಸಬಹುದೆಂದು ಚುನಾವಣೆಯ ಹಿಂದಿನ ರಾತ್ರಿ ಕೆಲಸ ಮಾಡುವ ಯಾವ ಕಾರ್ಯಕರ್ತನನ್ನು ಕೇಳಿದರೂ ಹೇಳುತ್ತಾನೆ.

3. “ಗಡಿ ಜಗಳ ಬರೀ ನಾಟಕ. ಬೆಳಗಾವಿಯನ್ನು ಮೇಲಿನವರು ಎಂದೋ ಕೊಟ್ಟಾಗಿದೆ.”

ಈ ಸಂದೇಶಕ್ಕೆ ಎರಡು ಪಾಠಗಳಿವೆ. ಕನ್ನಡದ್ದರಲ್ಲಿ ಬೆಳಗಾವಿಯನ್ನು ಗುಟ್ಟಾಗಿ ಮಹಾರಾಷ್ಟ್ರಕ್ಕೆ ಬರೆದುಕೊಡಲಾಗಿದೆ. ಮರಾಠಿಯದ್ದರಲ್ಲಿ ಮಹಾರಾಷ್ಟ್ರದ ನಾಯಕರು ಗುಟ್ಟಾಗಿ ಕರ್ನಾಟಕಕ್ಕೆ ಬಿಟ್ಟುಕೊಟ್ಟಿದ್ದಾರೆ. ಎರಡೂ ಏಕಕಾಲಕ್ಕೆ ನಿಜವಾಗಿರಲು ಸಾಧ್ಯವಿಲ್ಲ. ಎರಡನ್ನೂ ಒಂದೇ ಓಣಿಯಲ್ಲಿ ನಂಬುತ್ತಾರೆ.

ಬಯಲಿನಲ್ಲಿರುವುದನ್ನು ನೋಡೋಣ. 1956ರ ನವೆಂಬರ್ 1ರಂದು ಬೆಳಗಾವಿ ಮುಂಬೈ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಸೇರಿತು. 1966ರಲ್ಲಿ ಸುಪ್ರೀಂ ಕೋರ್ಟಿನ ನಿವೃತ್ತ ಮುಖ್ಯ ನ್ಯಾಯಮೂರ್ತಿ ಮೆಹರ್ ಚಂದ್ ಮಹಾಜನ್ ಅವರ ಆಯೋಗ ರಚನೆಯಾಯಿತು, 1967ರಲ್ಲಿ ವರದಿ ಬಂತು. ಬೆಳಗಾವಿ ನಗರ ಕರ್ನಾಟಕದಲ್ಲೇ ಇರಲಿ ಎಂದಿತು ವರದಿ. ಮಹಾರಾಷ್ಟ್ರ ಅದನ್ನು ತಳ್ಳಿಹಾಕಿತು, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ರಾಜ್ಯಗಳ ಗಡಿ ನಿರ್ಧರಿಸುವುದು ಸಂವಿಧಾನದ 3ನೇ ವಿಧಿಯಂತೆ ಸಂಸತ್ತಿನ ಅಧಿಕಾರ, ಕೋರ್ಟಿನದಲ್ಲ ಎಂಬುದು ಕರ್ನಾಟಕದ ವಾದ.

ನಮ್ಮ ಸರ್ಕಾರಗಳು ಪಕ್ಷಭೇದವಿಲ್ಲದೆ ‘ಮಹಾಜನ್ ವರದಿಯೇ ಅಂತಿಮ’ ಎನ್ನುತ್ತವೆ. ನಾವೂ ಚಪ್ಪಾಳೆ ತಟ್ಟುತ್ತೇವೆ. ಅದೇ ವರದಿ 264 ಊರುಗಳನ್ನು ಮಹಾರಾಷ್ಟ್ರಕ್ಕೆ, 247 ಊರುಗಳನ್ನು ಕರ್ನಾಟಕಕ್ಕೆ ಕೊಡಲು ಹೇಳಿದೆ. ಬರುವ ಪಟ್ಟಿಯಲ್ಲಿ ಅಕ್ಕಲಕೋಟೆ ಇದೆ. ಹೋಗುವ ಪಟ್ಟಿಯಲ್ಲಿ ನಿಪ್ಪಾಣಿ, ನಂದಗಡ, ಖಾನಾಪುರ ಇವೆ. ನಂದಗಡ ಎಂದರೆ ಸಂಗೊಳ್ಳಿ ರಾಯಣ್ಣನ ಸಮಾಧಿ ಇರುವ ಊರು. ಇದು ಗುಟ್ಟಿನ ಒಪ್ಪಂದವಲ್ಲ. ಅರ್ಧ ಶತಮಾನಕ್ಕೂ ಹಿಂದೆ ಅಚ್ಚಾದ ವರದಿ. ವರದಿ ಜಾರಿಯಾಗಲಿ ಎನ್ನುವ ನಾಯಕರನ್ನು “ಹಾಗಾದರೆ ಖಾನಾಪುರದ ಗತಿಯೇನು?” ಎಂದು ಕೇಳಿದವರು ಎಷ್ಟು ಜನ? ಕಾಣದ ಕರಾರುಪತ್ರ ಹುಡುಕುವ ಗಡಿಬಿಡಿಯಲ್ಲಿ ಕಣ್ಣೆದುರಿನ ವರದಿಯನ್ನು ಓದದೆ ಬಿಟ್ಟಿದ್ದೇವೆ. ಇದರಿಂದ ಅನುಕೂಲವಾದದ್ದು ಯಾರಿಗೆ? ಉತ್ತರ ಹೇಳಬೇಕಾಗಿದ್ದ ನಾಯಕರಿಗೇ.

ನಾಟಕ ಎನ್ನುವವರಿಗೆ 2022ರ ಡಿಸೆಂಬರ್ ನೆನಪಿಸುತ್ತೇನೆ. ಆಗ ಕರ್ನಾಟಕದಲ್ಲೂ ಕೇಂದ್ರದಲ್ಲೂ ಬಿಜೆಪಿ, ಮಹಾರಾಷ್ಟ್ರದಲ್ಲಿ ಶಿವಸೇನೆಯ ಶಿಂದೆ ಬಣದ ಜೊತೆ ಬಿಜೆಪಿ. ಹಿರೇಬಾಗೇವಾಡಿ ಟೋಲ್ ಬಳಿ ಮಹಾರಾಷ್ಟ್ರದ ಲಾರಿಗಳಿಗೆ ಕಲ್ಲು ಬಿತ್ತು. ಡಿಸೆಂಬರ್ 14ರಂದು ಗೃಹ ಸಚಿವ ಅಮಿತ್ ಶಾ ಇಬ್ಬರೂ ಮುಖ್ಯಮಂತ್ರಿಗಳನ್ನು ಕೂರಿಸಿ ಮಾತಾಡಿದರು. ನಾಯಕರ ಹೆಸರಿನ ನಕಲಿ ಟ್ವಿಟರ್ ಖಾತೆಗಳು ಬೆಂಕಿಗೆ ತುಪ್ಪ ಸುರಿದಿವೆ, ಎಫ್‌ಐಆರ್ ದಾಖಲಿಸಬೇಕು ಎಂದರು. ಅದಾದ ಎರಡು ವಾರದೊಳಗೆ ಎರಡೂ ವಿಧಾನಮಂಡಲಗಳು ಒಂದರ ವಿರುದ್ಧ ಒಂದು ನಿರ್ಣಯ ಮಾಡಿದವು. ಮಹಾರಾಷ್ಟ್ರದ ನಿರ್ಣಯದಲ್ಲಿ 865 ಊರುಗಳಿದ್ದವು. ನಕಲಿ ಖಾತೆಯ ಮಾತನ್ನು ವಿರೋಧ ಪಕ್ಷಗಳು ಆಗಲೇ ಪ್ರಶ್ನಿಸಿದವು. ಪ್ರಶ್ನಿಸಿದ್ದು ಸರಿ, ಏಕೆಂದರೆ ಅದು ಪರಿಶೀಲಿಸಬಹುದಾದ ಮಾತು. ಖಾತೆ ಯಾರದು, ಎಫ್‌ಐಆರ್ ಆಯಿತೇ, ತನಿಖೆ ಎಲ್ಲಿಗೆ ಬಂತು ಎಂದು ಕೇಳಬಹುದು.

‘ಎಲ್ಲ ನಾಟಕ’ ಎಂಬ ಮಾತನ್ನು ಮಾತ್ರ ಪರಿಶೀಲಿಸಲು ಬರುವುದಿಲ್ಲ. ನಾಯಕರು ಜಗಳವಾಡಿದರೆ ನಾಟಕ, ಸುಮ್ಮನಿದ್ದರೆ ಒಳಒಪ್ಪಂದ, ಒಟ್ಟಿಗೆ ಊಟ ಮಾಡಿದರೆ ಪುರಾವೆ. ಏನು ನಡೆದರೂ ಸಾಬೀತಾಗುವ ವಾದ ಏನನ್ನೂ ಸಾಬೀತು ಮಾಡುವುದಿಲ್ಲ.

4. “ಯಾವ ಪಕ್ಷ ಬಂದರೂ ಅವೇ ಮನೆತನಗಳು. ಮತ ಹಾಕಿ ಏನು ಬಂತು?”

ಅರ್ಧ ನಿಜ. ಬೆಳಗಾವಿ ಜಿಲ್ಲೆಯಷ್ಟು ಬಿಚ್ಚುಮನಸ್ಸಿನಿಂದ ಮನೆತನದ ರಾಜಕಾರಣ ನಡೆಸುವ ಜಿಲ್ಲೆ ರಾಜ್ಯದಲ್ಲಿ ಅಪರೂಪ. ಜಾರಕಿಹೊಳಿ ಸೋದರರಲ್ಲಿ ಸತೀಶ ಅವರು ಕಾಂಗ್ರೆಸ್ಸಿನಲ್ಲಿ, ರಮೇಶ ಮತ್ತು ಬಾಲಚಂದ್ರ ಅವರು ಬಿಜೆಪಿಯಲ್ಲಿ ಇದ್ದಾರೆ. ಲಖನ್ ಅವರು 2021ರಲ್ಲಿ ಪಕ್ಷೇತರರಾಗಿ ವಿಧಾನ ಪರಿಷತ್ತಿಗೆ ಗೆದ್ದರು. ಅದೇ ಚುನಾವಣೆಯಲ್ಲಿ ಗೆದ್ದ ಕಾಂಗ್ರೆಸ್ಸಿನ ಚನ್ನರಾಜ ಹಟ್ಟಿಹೊಳಿ ಅವರು ಅದೇ ಪಕ್ಷದ ಲಕ್ಷ್ಮೀ ಹೆಬ್ಬಾಳಕರ ಅವರ ತಮ್ಮ. ಬೆಳಗಾವಿ ಸಂಸದ ಸುರೇಶ ಅಂಗಡಿಯವರು ತೀರಿಕೊಂಡ ಮೇಲೆ ಲೋಕಸಭೆಗೆ ಅವರ ಪತ್ನಿ ಮಂಗಲಾ, 2024ರಲ್ಲಿ ಬೀಗರಾದ ಜಗದೀಶ ಶೆಟ್ಟರ್. ಸೋತವರು ಹೆಬ್ಬಾಳಕರ ಅವರ ಮಗ ಮೃಣಾಲ್. ಚಿಕ್ಕೋಡಿಯಲ್ಲಿ ಗೆದ್ದವರು ಸತೀಶ ಅವರ ಮಗಳು ಪ್ರಿಯಾಂಕಾ, ಸೋತವರು ನಿಪ್ಪಾಣಿ ಶಾಸಕಿಯ ಪತಿ ಅಣ್ಣಾಸಾಹೇಬ ಜೊಲ್ಲೆ.

ಇದರಲ್ಲಿ ಗುಟ್ಟು ಎಲ್ಲಿದೆ? ಎಲ್ಲವೂ ಮತಪತ್ರದ ಮೇಲೆ, ಮದುವೆಯ ಆಮಂತ್ರಣ ಪತ್ರಿಕೆಯ ಮೇಲೆ ಅಚ್ಚಾದ ನಂಟುಗಳು. ಸಕ್ಕರೆ ಕಾರ್ಖಾನೆ, ಸಹಕಾರಿ ಬ್ಯಾಂಕು, ಶಿಕ್ಷಣ ಸಂಸ್ಥೆಗಳ ಮೇಲಿನ ಹಿಡಿತವೂ ಹಾಗೆಯೇ. ಅಭ್ಯರ್ಥಿಗಳ ಆಸ್ತಿ, ಸಾಲ, ಕ್ರಿಮಿನಲ್ ಮೊಕದ್ದಮೆಗಳ ವಿವರ ಸುಪ್ರೀಂ ಕೋರ್ಟಿನ 2002 ಮತ್ತು 2003ರ ತೀರ್ಪುಗಳ ಫಲವಾಗಿ ಪ್ರಮಾಣಪತ್ರದಲ್ಲಿ ಬರುತ್ತದೆ. ಚುನಾವಣಾ ಆಯೋಗದ ಜಾಲತಾಣದಲ್ಲಿ ಯಾರು ಬೇಕಾದರೂ ಓದಬಹುದು. ನಮ್ಮ ಶಾಸಕರು ಪ್ರತಿವರ್ಷ ಲೋಕಾಯುಕ್ತಕ್ಕೂ ಆಸ್ತಿ ವಿವರ ಸಲ್ಲಿಸಬೇಕು. ‘ಗುಪ್ತ ಆಸ್ತಿ ಬಯಲು’ ಎಂಬ ಸಂದೇಶ ಕಳಿಸುವವರಲ್ಲಿ ಈ ಪ್ರಮಾಣಪತ್ರ ತೆರೆದು ನೋಡಿದವರು ವಿರಳ.

ಮತಕ್ಕೆ ಬೆಲೆಯಿಲ್ಲ ಎಂಬ ಉಳಿದರ್ಧ ಸುಳ್ಳು. ಖಾನಾಪುರ 2013ರಲ್ಲಿ ಮಹಾರಾಷ್ಟ್ರ ಏಕೀಕರಣ ಸಮಿತಿಯವರನ್ನು, 2018ರಲ್ಲಿ ಕಾಂಗ್ರೆಸ್ಸಿನವರನ್ನು, 2023ರಲ್ಲಿ ಬಿಜೆಪಿಯವರನ್ನು ಗೆಲ್ಲಿಸಿತು. ಟಿಳಕವಾಡಿ ಸೇರಿರುವ ಬೆಳಗಾವಿ ದಕ್ಷಿಣ 2013ರಲ್ಲಿ ಸಮಿತಿಗೆ, ಆಮೇಲೆ ಎರಡು ಸಲ ಬಿಜೆಪಿಗೆ ಒಲಿಯಿತು. ಜಿಲ್ಲೆಯ 18 ಕ್ಷೇತ್ರಗಳಲ್ಲಿ 2018ರಲ್ಲಿ ಬಿಜೆಪಿ 10, ಕಾಂಗ್ರೆಸ್ 8 ಗೆದ್ದಿದ್ದರೆ 2023ರಲ್ಲಿ ಕಾಂಗ್ರೆಸ್ 11, ಬಿಜೆಪಿ 7. 2019ರ ಗೋಕಾಕ ಉಪಚುನಾವಣೆಯಲ್ಲಿ ರಮೇಶ ಮತ್ತು ಲಖನ್ ಅಣ್ಣತಮ್ಮಂದಿರೇ ಎದುರಾಳಿಗಳಾಗಿದ್ದರು. 2021ರ ಲೋಕಸಭಾ ಉಪಚುನಾವಣೆಯಲ್ಲಿ ಸತೀಶ ಅವರು ಸೋತದ್ದು 5,240 ಮತಗಳಿಂದ. ಸಮಿತಿ ಬೆಂಬಲಿಸಿದ ಯುವ ಅಭ್ಯರ್ಥಿ ಆ ಸಲ ಒಂದು ಲಕ್ಷಕ್ಕೂ ಹೆಚ್ಚು ಮತ ಪಡೆದರು. ಮೊದಲೇ ಬರೆದಿಟ್ಟ ನಾಟಕವಾಗಿದ್ದರೆ ಇಷ್ಟು ಕೂದಲೆಳೆಯ ಅಂತರ ಇಟ್ಟುಕೊಂಡು ಯಾರೂ ಆಡುವುದಿಲ್ಲ.

ಬೇರೂರಿದ ಮನೆತನಗಳಿಗೆ ಉತ್ತರ ಏನು ಎಂಬುದನ್ನು ಕಬ್ಬು ಬೆಳೆಗಾರರು ತೋರಿಸಿದ್ದಾರೆ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲೂಕಿನ ಗುರ್ಲಾಪುರ ಕ್ರಾಸ್‌ನಲ್ಲಿ ಕೂತ ರೈತರು ಕಾಣದ ಕೈಯನ್ನು ಹುಡುಕಲಿಲ್ಲ. ಟನ್ನಿಗೆ 3,500 ರೂಪಾಯಿ ಕೊಡಿ ಎಂದು ಕಾಣುವ ಕಾರ್ಖಾನೆಗಳನ್ನೂ ಕಾಣುವ ಸರ್ಕಾರವನ್ನೂ ಕೇಳಿದರು. ಕಾರ್ಖಾನೆ ಮಾಲೀಕರಲ್ಲಿ ಎಲ್ಲ ಪಕ್ಷದವರೂ ಇದ್ದಾರೆಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ಮುಖ್ಯಮಂತ್ರಿ ಸಭೆ ಕರೆದು 3,300 ರೂಪಾಯಿಗೆ ಒಪ್ಪಿಸಬೇಕಾಯಿತು. “ಎಲ್ಲಾ ಸೆಟ್ಟಿಂಗ್” ಎಂದು ಅವರು ಮನೆಯಲ್ಲೇ ಕೂತಿದ್ದರೆ ಒಂದು ರೂಪಾಯಿಯೂ ಹೆಚ್ಚಾಗುತ್ತಿರಲಿಲ್ಲ.

5. “ಕಳಸಾ-ಬಂಡೂರಿ ತಡೆದಿರುವುದು ಒಂದು ಕಾಣದ ಕೈ.”

ಕಳಸಾ, ಬಂಡೂರಿ ಹಳ್ಳಗಳ ನೀರನ್ನು ಮಲಪ್ರಭೆಗೆ ತಿರುಗಿಸುವ ಈ ಯೋಜನೆಯಲ್ಲಿ ತಡೆದ ಕೈಗಳೆಲ್ಲ ಸಹಿ ಸಮೇತ ಕಾಣುತ್ತವೆ. 2002ರಲ್ಲಿ ಕೇಂದ್ರ ಕೊಟ್ಟ ತಾತ್ವಿಕ ಒಪ್ಪಿಗೆಯನ್ನು ಗೋವಾ ಆಕ್ಷೇಪಿಸಿದ್ದಕ್ಕೆ ಅದೇ ವರ್ಷ ತಡೆಹಿಡಿಯಲಾಯಿತು. 2010ರಲ್ಲಿ ಜಲವಿವಾದ ನ್ಯಾಯಮಂಡಳಿ ರಚನೆಯಾಗಿ, 2018ರ ಆಗಸ್ಟ್ 14ರಂದು ಕರ್ನಾಟಕಕ್ಕೆ ಒಟ್ಟು 13.42 ಟಿಎಂಸಿ ಹಂಚಿತು. ಅದರಲ್ಲಿ ಮಲಪ್ರಭೆಗೆ ತಿರುಗಿಸಲು ಕಳಸಾದಿಂದ 1.72, ಬಂಡೂರಿಯಿಂದ 2.18 ಟಿಎಂಸಿ. 2020ರ ಫೆಬ್ರುವರಿಯಲ್ಲಿ ರಾಜ್ಯಪತ್ರದಲ್ಲಿ ಪ್ರಕಟವಾಯಿತು, 2022ರ ಡಿಸೆಂಬರ್‌ನಲ್ಲಿ ಕೇಂದ್ರ ಜಲ ಆಯೋಗ ಯೋಜನಾ ವರದಿಗೆ ಒಪ್ಪಿತು. 2023ರ ಜನವರಿಯಲ್ಲಿ ಗೋವಾದ ವನ್ಯಜೀವಿ ವಾರ್ಡನ್ ನೋಟಿಸ್ ಕೊಟ್ಟರು, ಅರಣ್ಯ ಮತ್ತು ವನ್ಯಜೀವಿ ಅನುಮತಿಯ ಕಡತ ದಿಲ್ಲಿಯಲ್ಲಿ ನಿಂತಿತು. ಖಾನಾಪುರದ ಕಾಡು ಉಳಿಯಲಿ ಎನ್ನುವ ಪರಿಸರಾಸಕ್ತರ ವಿರೋಧವೂ ಬಹಿರಂಗವಾಗಿಯೇ ಇದೆ.

ಗೋವಾ, ಕರ್ನಾಟಕ, ಕೇಂದ್ರ ಮೂರರಲ್ಲೂ ಒಂದೇ ಪಕ್ಷವಿದ್ದಾಗ ಏಕೆ ಬಗೆಹರಿಯಲಿಲ್ಲ ಎಂದು ಬಿಜೆಪಿಯನ್ನು ಕೇಳಬಹುದು. ಅಧಿಕಾರಕ್ಕೆ ಬಂದ ಮೇಲೆ ಏನು ಮಾಡಿದಿರಿ ಎಂದು ಕಾಂಗ್ರೆಸ್ಸನ್ನು ಕೇಳಬಹುದು. ಖಾನಾಪುರದ ಕಾಡಿಗೆ ಬದಲು ಏನು ಎಂದು ಇಬ್ಬರನ್ನೂ ಕೇಳಬಹುದು. ಕಾಣದ ಕೈಗೆ ಈ ಯಾವ ಪ್ರಶ್ನೆಯನ್ನೂ ಕೇಳಲಾಗದು. ಅದಕ್ಕೆ ಕಚೇರಿ ಇಲ್ಲ, ಐದು ವರ್ಷಕ್ಕೊಮ್ಮೆ ಅದು ನಮ್ಮ ಓಣಿಗೆ ಕೈಮುಗಿದು ಬರುವುದೂ ಇಲ್ಲ.

6. “ಸುಮ್ಮನೆ ಫಾರ್ವರ್ಡ್ ಮಾಡಿದರೆ ಯಾರಿಗೆ ನಷ್ಟ?”

2018ರ ಜುಲೈನಲ್ಲಿ ಬೀದರ ಜಿಲ್ಲೆ ಔರಾದ ತಾಲೂಕಿನ ಮುರ್ಕಿಯಲ್ಲಿ, ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿ ನಂಬಿದ ಗುಂಪು ಹೈದರಾಬಾದಿನ ಯುವ ಎಂಜಿನಿಯರೊಬ್ಬರನ್ನು ಹೊಡೆದು ಕೊಂದಿತು. ಅದನ್ನು ಕಳಿಸಿದವರೂ “ಸುಮ್ಮನೆ, ಎಚ್ಚರಿಕೆಗೆಂದು” ಎಂದೇ ಕಳಿಸಿದ್ದರು. ದೇಶದಲ್ಲಿ ಇಂಥ ಸಾವುಗಳು ಸಾಲುಗಟ್ಟಿದ ಆ ತಿಂಗಳೇ ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸುವ ಮಿತಿ ಹಾಕಿತು. ರಾಜಕಾರಣಿಗಳ ಕುರಿತ ವದಂತಿ ಅಷ್ಟು ಅಪಾಯಕಾರಿಯಲ್ಲ ಎನ್ನಬೇಡಿ. ಗಡಿಯ ವದಂತಿ ಹಬ್ಬಿದಾಗ ಕಲ್ಲು ಬೀಳುವುದು ಲಾರಿ ಚಾಲಕನ ಗಾಜಿಗೆ, ನಿಲ್ಲುವುದು ಕೊಲ್ಹಾಪುರಕ್ಕೆ ಆಸ್ಪತ್ರೆಗೆಂದು ಹೊರಟವರ ಬಸ್ಸು. ಮುಖ್ಯಮಂತ್ರಿಗಳ ಕಾರಿಗೆ ಏನೂ ಆಗುವುದಿಲ್ಲ.

7. “ನೀವು ಅಧಿಕಾರದಲ್ಲಿರುವವರ ಪರ ವಕಾಲತ್ತು ವಹಿಸಿದ್ದೀರಿ.”

ಕೊನೆಯ ಆಕ್ಷೇಪ ಇದು, ಹೆಚ್ಚು ಕೇಳಿಬರುವುದೂ ಇದೇ. ಆದರೆ ಎಲ್ಲರೂ ಕಳ್ಳರು ಎಂಬ ಮಾತಿಗೆ ನಿಜವಾದ ಕಳ್ಳ ಎಂದೂ ತಕರಾರು ಮಾಡುವುದಿಲ್ಲ. ಅದು ಅವನನ್ನು ಗುಂಪಿನಲ್ಲಿ ಮರೆಸುತ್ತದೆ. ಎಲ್ಲರೂ ಕೂಡಿ ಮಾಡಿದ್ದು ಎಂದಾಗ ಇಂಥವರು ಮಾಡಿದ್ದು ಎಂಬ ಮಾತು ಸಾಯುತ್ತದೆ. ಹೆಸರು, ದಿನಾಂಕ, ಸಹಿ, ಮೊತ್ತ ಇರುವ ಒಂದೇ ಒಂದು ಪ್ರಶ್ನೆಗೆ ರಾಜಕಾರಣಿ ಹೆದರುತ್ತಾನೆ. ಸಾವಿರ ಫಾರ್ವರ್ಡುಗಳಿಗೆ ಹೆದರುವುದಿಲ್ಲ, ಎಷ್ಟೋ ಸಲ ಅವನ್ನು ಹರಿಬಿಡುವವರು ಅವನ ಕಡೆಯವರೇ.

ನಾನು ಹೇಳುತ್ತಿರುವುದು ಇಷ್ಟೇ: ಸಂಶಯ ಪಡಿ, ಆದರೆ ಕೊನೆಯವರೆಗೆ ಪಡಿ. ಸಂದೇಶ ಬಂದ ಕ್ಷಣಕ್ಕೆ ಸಂಶಯ ನಿಲ್ಲಬಾರದು, ಅದನ್ನು ಬರೆದವರ ಮೇಲೂ ಹೋಗಬೇಕು. 2005ರಿಂದ ಮಾಹಿತಿ ಹಕ್ಕು ಕಾಯ್ದೆ ಇದೆ. ಅರ್ಜಿಗೆ 10 ರೂಪಾಯಿ, ಉತ್ತರಕ್ಕೆ 30 ದಿನ. ಗಡಿ ದಾವೆಗೆ ವಕೀಲರ ಶುಲ್ಕವಾಗಿ ಎಷ್ಟು ಖರ್ಚಾಗಿದೆ, ಬೆಳಗಾವಿಯ ಸುವರ್ಣ ವಿಧಾನಸೌಧವನ್ನು 2012ರ ಅಕ್ಟೋಬರ್‌ನಲ್ಲಿ ಉದ್ಘಾಟಿಸಿದಂದಿನಿಂದ ಅಲ್ಲಿಗೆ ಎಷ್ಟು ಇಲಾಖಾ ಕಚೇರಿಗಳು ಬಂದಿವೆ, ಚಳಿಗಾಲದ ಅಧಿವೇಶನದಲ್ಲಿ ಕೊಟ್ಟ ಭರವಸೆಗಳಲ್ಲಿ ಎಷ್ಟು ಈಡೇರಿವೆ ಎಂದು ಕೇಳಿ. ನೀವು ಸದಸ್ಯರಾಗಿರುವ ಸಹಕಾರಿ ಸಂಘದ ವಾರ್ಷಿಕ ಮಹಾಸಭೆಗೆ ಹೋಗಿ ಲೆಕ್ಕಪತ್ರ ಕೇಳಿ. ಉತ್ತರ ಬಾರದಿದ್ದರೆ ಮೇಲ್ಮನವಿ ಹಾಕಿ. ಸುಳ್ಳು ಉತ್ತರ ಬಂದರೆ ಅದನ್ನು ಹೆಸರು ಸಮೇತ ಪ್ರಕಟಿಸಿ. ಅದನ್ನು ಎಷ್ಟು ಜನರಿಗೆ ಬೇಕಾದರೂ ಫಾರ್ವರ್ಡ್ ಮಾಡಿ, ನನಗೂ ಕಳಿಸಿ.